ಅಳತೆಗೋಲು ಯಾರ ಕೈಯಲ್ಲಿ?

ಕೆಲವು ವರ್ಷಗಳ ಹಿಂದಿನ ಮಾತು. ಏಳನೆಯ ತರಗತಿಯ ಮಕ್ಕಳಿಗೆ ಗಲಿವರನ ಕಥೆ ಹೇಳುತ್ತಿದ್ದೆ. ಆರು ಅಂಗುಲದ ಎತ್ತರವೂ ಇಲ್ಲದ ಲಿಲಿಪುಟ್ ದ್ವೀಪದವರು ಮಲಗಿದ್ದ ಗಲಿವರನನ್ನು ದಾರಗಳಿಂದ ಬಿಗಿದ ಸನ್ನಿವೇಶ. ಹಿಂದಿನ ಬೆಂಚಿನಿಂದ ಒಂದು ಧ್ವನಿ ಎದ್ದಿತು: "ಸರ್, ನಮ್ಮಲ್ಲೂ ಒಬ್ಬ ಲಿಲಿಪುಟ್ ಇದ್ದಾನೆ!" ತರಗತಿಯೇ ನಕ್ಕಿತು. ಮುಂದಿನ ಬೆಂಚಿನಲ್ಲಿ ಕಾಲು ನೆಲಕ್ಕೆ ತಾಗದೆ ಕುಳಿತಿದ್ದ ಹುಡುಗ ತಲೆ ತಗ್ಗಿಸಿದ. ನಾನು ಗದರಿಸಲಿಲ್ಲ. ನನ್ನ ತುಟಿಯಲ್ಲೂ ನಗು ಮೂಡಿತ್ತು.

ಮರುದಿನ ಅವನ ತಾಯಿ ಬಂದರು. ಅವರೂ ಮಗನಂತೆಯೇ ಕುಳ್ಳಗಿದ್ದರು. "ನನ್ನ ಎತ್ತರ ಅವನಿಗೆ ಬಂತು ಸರ್. ನಾನು ಕೇಳಿದ ಅಡ್ಡಹೆಸರುಗಳೂ ಅವನಿಗೇ ಬರಬೇಕೆ?" ಎಂದಷ್ಟೇ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಸ್ಥಿತಿಯ ಹೆಸರು ಅಕಾಂಡ್ರೋಪ್ಲೇಸಿಯಾ ಎಂದು ಅವರಿಂದಲೇ ತಿಳಿದೆ. ಒಂದು ವಂಶವಾಹಿಯಲ್ಲಾಗುವ ಸಣ್ಣ ಬದಲಾವಣೆಯಿಂದ ಕೈಕಾಲುಗಳ ಎಲುಬು ಉದ್ದಕ್ಕೆ ಬೆಳೆಯುವುದಿಲ್ಲ. ಬುದ್ಧಿಗೆ ಯಾವ ಕುಂದೂ ಇಲ್ಲ. ವಿಜ್ಞಾನಿಗಳು ಆ ವಂಶವಾಹಿಯನ್ನು ಗುರುತಿಸಿದ್ದು 1994ರಲ್ಲಿ. ತಂದೆತಾಯಿಗಳಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧದಷ್ಟು. ಆದರೆ ಈ ಸ್ಥಿತಿಯುಳ್ಳ ಹತ್ತರಲ್ಲಿ ಸುಮಾರು ಎಂಟು ಮಂದಿ ಸಾಮಾನ್ಯ ಎತ್ತರದ ದಂಪತಿಗಳಿಗೇ ಹುಟ್ಟಿದವರು. ಅದು ಯಾರ ಮನೆಯ ತೊಟ್ಟಿಲಿಗೂ ಬರಬಹುದು.

ಅಂದು ರಾತ್ರಿ ಜೊನಾಥನ್ ಸ್ವಿಫ್ಟ್ 1726ರಲ್ಲಿ ಪ್ರಕಟಿಸಿದ ಆ ಕೃತಿಯ ಎರಡನೆಯ ಭಾಗವನ್ನು ತೆರೆದೆ. ಅದು ಬ್ರಾಬ್ಡಿಂಗ್ನಾಗ್ ಎಂಬ ದೈತ್ಯರ ನಾಡು. ಅಲ್ಲಿ ಗಲಿವರನೇ ಬೊಂಬೆಯಷ್ಟು ಸಣ್ಣವನು. ರಾಣಿಯ ಆಸ್ಥಾನದಲ್ಲಿ ಒಬ್ಬ ಕುಳ್ಳನಿದ್ದಾನೆ. ಅವನ ಎತ್ತರ ಹತ್ತಿರಹತ್ತಿರ ಮೂವತ್ತು ಅಡಿ! ಆದರೂ ಆ ನಾಡಿನಲ್ಲಿ ಅವನಷ್ಟು ಗಿಡ್ಡ ಇನ್ನೊಬ್ಬನಿಲ್ಲ. ತನಗಿಂತ ಸಣ್ಣವನೊಬ್ಬ ಬಂದೊಡನೆ ಅವನು ಬೀಗುತ್ತಾನೆ, ಗಲಿವರನನ್ನು ಎತ್ತಿ ಕೆನೆಯ ಬೋಗುಣಿಯೊಳಗೆ ಹಾಕುತ್ತಾನೆ.

ಆ ಕುಳ್ಳನಲ್ಲಿ ನಾನು ನನ್ನನ್ನೇ ಕಂಡೆ. ಮದ್ರಸದಿಂದ ಕಾಲೇಜಿಗೆ ಹೋಗಿ ಕನ್ನಡ ಬಿ.ಎ.ಗೆ ಸೇರಿದಾಗ ನನ್ನ ಉಚ್ಚಾರಣೆಗೆ ತರಗತಿ ನಗುತ್ತಿತ್ತು. ಪದ್ಯ ಓದಲು ಎದ್ದು ನಿಲ್ಲುವಾಗ ಕಾಲು ನಡುಗುತ್ತಿತ್ತು. ಆ ನೋವನ್ನು ಉಂಡವನೇ ಇನ್ನೊಬ್ಬನ ನೋವಿಗೆ ನಕ್ಕಿದ್ದೆ. ಅಳೆಯಲ್ಪಟ್ಟವನು ಅಳತೆಗೋಲನ್ನು ಮುರಿಯಲಿಲ್ಲ. ಕೈ ಬದಲಾಯಿಸಿದ್ದ, ಅಷ್ಟೆ.

ಪರಸ್ಪರ ಗೇಲಿ ಮಾಡಬೇಡಿ, ಕೆಟ್ಟ ಹೆಸರುಗಳಿಂದ ಕರೆಯಬೇಡಿ ಎಂಬ ಸೂರಃ ಹುಜುರಾತ್‌ನ ಆಜ್ಞೆಯನ್ನು ಎಷ್ಟೋ ಸಲ ಬೋಧಿಸಿದವನು ನಾನು. ಅಬ್ದುಲ್ಲಾ ಇಬ್ನು ಮಸ್‌ಊದ್(ರ)ರ ತೆಳು ಕಾಲುಗಳನ್ನು ಕಂಡು ಸಂಗಾತಿಗಳು ನಕ್ಕಾಗ, ಆ ಕಾಲುಗಳು ಅಲ್ಲಾಹನ ತಕ್ಕಡಿಯಲ್ಲಿ ಉಹುದ್ ಬೆಟ್ಟಕ್ಕಿಂತ ಭಾರವೆಂದು ಪ್ರವಾದಿ(ಸ)ರು ತಿಳಿಸಿದ್ದನ್ನೂ ಬಲ್ಲೆ. ಬಲ್ಲವನ ನಗು ಅರಿಯದವನ ನಗುವಿಗಿಂತ ದೊಡ್ಡ ತಪ್ಪು.

ಮೊದಲು ಹುಡುಗನನ್ನು ಬಳಿಗೆ ಕರೆದು ಕ್ಷಮೆ ಕೇಳಿದೆ. ಬಳಿಕ ತರಗತಿಗೆ ದೈತ್ಯರ ನಾಡಿನ ಕಥೆಯನ್ನೂ ನನ್ನ ಕಾಲೇಜಿನ ಕಥೆಯನ್ನೂ ಹೇಳಿದೆ. ಯಾರೂ ನಗಲಿಲ್ಲ. ಕೊನೆಯಲ್ಲಿ ಅವನೇ ಎದ್ದು ಕೇಳಿದ: "ಸರ್, ರಾಣಿಯ ಆ ಕುಳ್ಳನ ಹೆಸರೇನು?"

ಪುಸ್ತಕವನ್ನು ತಿರುವಿ ನೋಡಿದೆ. ಸ್ವಿಫ್ಟ್ ಅವನಿಗೆ ಹೆಸರನ್ನೇ ಕೊಟ್ಟಿಲ್ಲ.

ಈಗ ಆ ಬೆಂಚಿನ ಕೆಳಗೆ ಕಾಲಿಡಲು ಒಂದು ಹಲಗೆಯಿದೆ. ಹಾಜರಿ ಕೂಗುವಾಗ ಪ್ರತಿ ಮಗುವಿನ ಪೂರ್ಣ ಹೆಸರನ್ನು ಕರೆಯುತ್ತೇನೆ. ನಮ್ಮ ಮನೆಗಳಲ್ಲಿ ಮಕ್ಕಳು ಯಾವ ಹೆಸರಿನಿಂದ ಯಾರನ್ನು ಕರೆಯುತ್ತಿದ್ದಾರೆಂದು ನಾವೂ ಒಮ್ಮೆ ಕಿವಿಗೊಡೋಣ.