ಗಾಳಿಯ ಮೇಲೆ ಅವ್ವನ ಸವಾರಿ

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ನನ್ನ ಹಳೆಯ ಕಾರಿಗೆ ಒಂದು ಅಡ್ಡಹೆಸರಿದೆ, 'ಅವ್ವನ ಮೇಣೆ' ಎಂದು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆಲ್ಲ ಬಸ್ಸು ಪುಕ್ಕಟೆಯಾದ ಮೇಲಂತೂ ಗೆಳತಿಯರಿಗೆ ನನ್ನನ್ನು ಕಾಡಲು ಇನ್ನೊಂದು ನೆಪ ಸಿಕ್ಕಿತು. "ಸರಕಾರ ಟಿಕೀಟು ಬ್ಯಾಡ ಅಂದ್ರೂ ಈ ಮೇಡಂ ಪೆಟ್ರೋಲ್ ಸುಡತಾರ ನೋಡ್ರಿ" ಎನ್ನುತ್ತಾರೆ. ನಾನು ನಕ್ಕು ಸುಮ್ಮನಾಗುತ್ತೇನೆ. ಬಸ್ಸಿನ ಮೆಟ್ಟಿಲು ನೆಲದಿಂದ ಎಷ್ಟು ಎತ್ತರ ಇರುತ್ತದೆ ಎಂಬುದು ಎಂಬತ್ತು ದಾಟಿದ ತಾಯಿಯನ್ನು ಹತ್ತಿಸಿದವರಿಗೇ ಗೊತ್ತು.

ನಾವಿರುವುದು ವಿಜಯಪುರದಲ್ಲಿ. ನನ್ನ ಶಾಲೆ ಇರುವುದು ನನ್ನ ತವರೂರು ಮಮದಾಪುರದಲ್ಲಿ. ಬಬಲೇಶ್ವರದ ಹಾದಿ ಹಿಡಿದು ಸುಮಾರು ಮೂವತ್ತೈದು ಕಿಲೋಮೀಟರು. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ನಮ್ಮ ಮನೆಗೆ ಕರೆತಂದೆ. ಬಂದಳೇನೋ ಬಂದಳು, ಆದರೆ ಒಂದು ಕರಾರು ಹಾಕಿದಳು: ದಿನಾ ಮುಂಜಾನೆ ನನ್ನ ಜೊತೆ ಊರಿಗೆ ಬರುವುದು, ಕಸ ಹೊಡೆದು ದೇವರ ಮುಂದೆ ದೀಪ ಹಚ್ಚುವುದು, ಓಣಿಯ ಹೆಂಗಸರೊಡನೆ ಕಟ್ಟೆಯ ಮೇಲೆ ಕೂಡುವುದು, ಸಂಜೆ ಶಾಲೆ ಬಿಟ್ಟ ಮೇಲೆ ನನ್ನ ಜೊತೆಯೇ ಮರಳುವುದು. "ಮನಿ ಬಾಗಲಾ ದಿನಾ ಒಮ್ಮೆ ತೆರೀಬೇಕವಾ, ಇಲ್ಲಾಂದ್ರ ಅದು ಮನಿ ಅಲ್ಲ" ಎಂಬುದು ಅವಳ ವಾದ. ಬೇರೆ ಶಿಕ್ಷಕಿಯರು ಊಟದ ಡಬ್ಬಿ ಹಿಡಿದು ಶಾಲೆಗೆ ಹೊರಟರೆ ನಾನು ಡಬ್ಬಿ ಮತ್ತು ಅವ್ವ ಇಬ್ಬರನ್ನೂ ಹಿಡಿದು ಹೊರಡುತ್ತಿದ್ದೆ.

ನಮ್ಮ ಕಡೆಯ ರಸ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಇದು ಎರೆ ಭೂಮಿ. ಮಳೆ ಬಿದ್ದರೆ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಬಿಳಿಜೋಳಕ್ಕೆ ಬಂಗಾರದಂಥ ಈ ನೆಲ ಡಾಂಬರಿಗೆ ಮಾತ್ರ ಹಗೆ. ಅಡಿಪಾಯವನ್ನು ಎಷ್ಟೇ ಗಟ್ಟಿ ಮಾಡಿದರೂ ಕೆಳಗಿನ ಮಣ್ಣು ಉಸಿರಾಡಿದ ಹಾಗೆ ಏರಿಳಿದರೆ ಮೇಲಿನ ರಸ್ತೆ ಅಲೆಅಲೆಯಾಗುತ್ತದೆ. ಇದರ ಜೊತೆಗೆ ಊರಿಗೊಂದೆರಡು ರಸ್ತೆ ಉಬ್ಬುಗಳು. ಕೆಲವಕ್ಕೆ ಬಿಳಿ ಪಟ್ಟಿಯೂ ಇರುವುದಿಲ್ಲ.

ಎರಡು ವರ್ಷದ ಹಿಂದೆ ಅಂಥದೇ ಒಂದು ಉಬ್ಬಿನ ಮೇಲೆ ನನ್ನ ಕಾರು ಹಾರಿತು. ಅಂದು ಪರೀಕ್ಷೆಯ ದಿನ, ಮನೆ ಬಿಡುವುದು ತಡವಾಗಿತ್ತು. ಅವ್ವ ಯಾವಾಗಲೂ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂಡುತ್ತಿದ್ದಳು. ಎತ್ತಿ ಕುಕ್ಕಿದ ಹಾಗಾಯಿತು. "ಯವ್ವಾ!" ಎಂದಳು, ಮತ್ತೆ ಮಾತಿಲ್ಲ. ಸಂಜೆ ಎಕ್ಸ್‌ರೇ ತೆಗೆಸಿದಾಗ ಬೆನ್ನಿನ ಒಂದು ಮಣಿ ಕುಸಿದಿದೆ ಎಂದರು. ವಯಸ್ಸಾದ ಹೆಂಗಸರ ಎಲುಬು ಒಳಗೊಳಗೇ ಟೊಳ್ಳಾಗಿರುತ್ತದೆ, ಬೀಳುವುದೇ ಬೇಕಿಲ್ಲ, ಹೀಗೊಂದು ಕುಕ್ಕಿದರೂ ಸಾಕು ಎಂದು ಡಾಕ್ಟರು ವಿವರಿಸಿದರು. ಬೆಲ್ಟು, ಮಾತ್ರೆ, ಮೂರು ತಿಂಗಳು ವಿಶ್ರಾಂತಿ.

"ರಸ್ತಾ ಭಾಳ ಕೆಟ್ಟೈತ್ರಿ" ಎಂದು ನಾನು ಎಲ್ಲರಿಗೂ ಹೇಳಿದೆ. ಅವ್ವನೂ ಹಾಗೆಯೇ ಹೇಳಿದಳು.

ಬೆನ್ನು ನೋವಿಗಿಂತ ಅವಳನ್ನು ಹಣ್ಣು ಮಾಡಿದ್ದು ಊರಿಗೆ ಹೋಗದಿರುವುದು. ಮೂರು ತಿಂಗಳು ಮುಗಿದರೂ ಕಾರು ಎಂದರೆ ಅವಳ ಕೈ ಬೆನ್ನಿಗೆ ಹೋಗುತ್ತಿತ್ತು. ಊಟ ಕಡಿಮೆಯಾಯಿತು, ಮಾತು ಕಡಿಮೆಯಾಯಿತು. ಕಿಡಕಿಯಲ್ಲಿ ಕೂತು ಪಡುವಣ ದಿಕ್ಕಿಗೆ ನೋಡುತ್ತಿದ್ದಳು. ಒಮ್ಮೆ ಮಾತ್ರ ತಾನಾಗಿಯೇ ಅಂದಳು: "ಆವಾಗ ಬೆಂಗಳೂರಿಗೆ ಹೋದ ಬಸ್ಸು ಎಷ್ಟು ಚಂದ ಇತ್ತು. ಹೊಟ್ಟ್ಯಾಗಿನ ನೀರೂ ಅಲುಗಾಡಲಿಲ್ಲ."

ಅವಳು ಹೇಳಿದ್ದು ಐರಾವತ ಬಸ್ಸು. 2001ರಲ್ಲಿ ನಮ್ಮ ದೇಶಕ್ಕೆ ವೋಲ್ವೊ ಬಸ್ಸುಗಳು ಬಂದವು, ನಮ್ಮ ರಾಜ್ಯದ ಸಾರಿಗೆಯವರು ಅವಕ್ಕೆ ಐರಾವತ ಎಂದು ಹೆಸರಿಟ್ಟರು. ಅವ್ವನ ಮಾತನ್ನು ನಾನು ಫೋನಿನಲ್ಲಿ ಪುಣೆಯಲ್ಲಿರುವ ಮಗನಿಗೆ ಸುಮ್ಮನೆ ಹೇಳಿದೆ. ಅವನಿಗೆ ಮೊದಲಿನಿಂದಲೂ ಗಾಡಿಗಳ ಹುಚ್ಚು. "ಅವ್ವಾ, ಆ ಬಸ್ಸಿನ ಕೆಳಗ ಕಬ್ಬಿಣದ ಕಮಾನು ಇಲ್ಲ, ಗಾಳಿ ಚೀಲ ಅದಾವ. ನಮ್ಮ ಕಾರಿಗೂ ಹಾಕೋಣು" ಎಂದ. ಕಾರಿಗೆ ಗಾಳಿ ಚೀಲ ಎಂದರೆ ಅಪಘಾತದಲ್ಲಿ ಮುಖದ ಮುಂದೆ ಉಬ್ಬುವ ಚೀಲ ಎಂದೇ ನಾನು ತಿಳಿದಿದ್ದೆ. ಅದು ಬೇರೆ, ಇದು ಬೇರೆ.

ಮಗ ಹೇಳಿದ್ದನ್ನು ನಮ್ಮ ವಿಜ್ಞಾನದ ಮಾಸ್ತರರು ನನಗೆ ತಿಳಿಯುವ ಹಾಗೆ ಬಿಡಿಸಿದರು. ಕಮ್ಮಾರರ ಕುಲುಮೆಯ ತಿದಿ ನೋಡಿದ್ದೀರಲ್ಲ, ಹಾಗೆ ಮಡಿಕೆ ಮಡಿಕೆಯಾದ ಗಟ್ಟಿ ರಬ್ಬರಿನ ಚೀಲ. ಅದರೊಳಗೆ ಒತ್ತಿ ತುಂಬಿದ ಗಾಳಿಯೇ ಬಸ್ಸಿನ ಭಾರ ಹೊರುತ್ತದೆ. ಜನ ಹತ್ತಿದಂತೆ ಒಂದು ಕವಾಟ ತೆರೆದು ಇನ್ನಷ್ಟು ಗಾಳಿ ಬಿಡುತ್ತದೆ, ಇಳಿದಂತೆ ಹೊರಹಾಕುತ್ತದೆ. ಹೀಗಾಗಿ ಹತ್ತು ಜನರಿದ್ದರೂ ನಲವತ್ತು ಜನರಿದ್ದರೂ ಬಸ್ಸಿನ ಎತ್ತರ ಒಂದೇ, ಮೆತ್ತಗಿರುವುದೂ ಹೆಚ್ಚುಕಡಿಮೆ ಒಂದೇ. ಗಾಳಿಯ ಮೇಲೆ ಕೂಡುವ ಯೋಚನೆ ಹೊಸದಲ್ಲ ಎಂದೂ ಅವರು ಹೇಳಿದರು. 1880ರ ದಶಕದ ಕೊನೆಯಲ್ಲಿ ಬೆಲ್‌ಫಾಸ್ಟ್ ನಗರದ ದನದ ಡಾಕ್ಟರು ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಕೊಳವೆ ಸುತ್ತಿದ. ಕಲ್ಲು ಹಾಸಿನ ಬೀದಿಯಲ್ಲಿ ಮಗು ಕುಲುಕಾಡಬಾರದಲ್ಲ! ಒಬ್ಬ ತಂದೆಯ ಸಂಕಟದಿಂದ ಟೈರು ಬಂತು ಎಂಬುದು ನನಗೆ ಬಹಳ ಹಿಡಿಸಿತು. ಅಮೆರಿಕದ ಕ್ಯಾಡಿಲಾಕ್ ಕಂಪನಿ 1957ರಲ್ಲಿ ತನ್ನ ದುಬಾರಿ ಕಾರೊಂದರ ನಾಲ್ಕೂ ಗಾಲಿಗೆ ಗಾಳಿ ಚೀಲ ಹಾಕಿತ್ತಂತೆ. ಗಾಳಿ ಸೋರುವುದು ತಪ್ಪದೆ ಎಷ್ಟೋ ಮಾಲೀಕರು ಮತ್ತೆ ಕಬ್ಬಿಣದ ಸ್ಪ್ರಿಂಗಿಗೇ ಮರಳಿದರಂತೆ. ಈ ಕೊನೆಯ ಮಾತನ್ನು ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ.

ಪೂರ್ತಿ ವ್ಯವಸ್ಥೆ ಎಂದರೆ ಗಾಳಿ ತುಂಬುವ ಯಂತ್ರ, ಟ್ಯಾಂಕು, ಕೊಳವೆ, ಕವಾಟ ಎಲ್ಲ ಬೇಕು. ಅದಕ್ಕೆ ಕಾರಿಗಿಂತ ಹೆಚ್ಚು ದುಡ್ಡು. ಮೇಲಾಗಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ಕಂಪನಿ ಮಾಡಿಕೊಟ್ಟ ವಿವರಕ್ಕೆ ಹೊಂದದ ಹಾಗೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿದೆ. ಹಾಗಾಗಿ ಮಗ ಆ ದೊಡ್ಡ ಯೋಚನೆ ಬಿಟ್ಟ. ಹಿಂದಿನ ಗಾಲಿಗಳ ಸುರುಳಿ ಸ್ಪ್ರಿಂಗಿನ ಒಳಗೆ ತೂರಿಸುವ ಎರಡು ಸಣ್ಣ ಚೀಲ ತಂದ. ಟೈರಿಗೆ ತುಂಬಿದ ಹಾಗೆಯೇ ಅದಕ್ಕೂ ಗಾಳಿ ತುಂಬುವುದು. ದೀಪಾವಳಿ ರಜೆಯಲ್ಲಿ ಬಂದವನು ದಿನವಿಡೀ ಕಾರಿನ ಕೆಳಗೆ ಮಲಗಿ ಹಾಕಿದ. ಸ್ಪ್ರಿಂಗು ಕಂಪನಿಯದೇ ಉಳಿಯಿತು.

ಮರುದಿನ ಅವ್ವನನ್ನು ಕೂಡಿಸಿಕೊಂಡು ಹೊರಟೆವು. ಒಂದು ಫರ್ಲಾಂಗು ಹೋಗುವಷ್ಟರಲ್ಲಿ ನನಗೆ ತಿಳಿಯಿತು, ಮೊದಲಿಗಿಂತ ಕಾರು ಗಡುಸಾಗಿದೆ. ಸಣ್ಣ ಕಲ್ಲೂ ಬೆನ್ನಿಗೆ ತಾಗುತ್ತಿತ್ತು. ಅವ್ವ ತುಟಿ ಕಚ್ಚಿ ಕೂತಿದ್ದಳು. "ತಿರುಗಿಸ್ರಿ" ಎಂದಳು. ಮನೆಗೆ ಬಂದು ನಾನು ಮಗನ ಮೇಲೆ ಹರಿಹಾಯ್ದೆ. ಮುದುಕಿಯ ಬೆನ್ನು ನಿನ್ನ ಆಟಿಕೆಯಲ್ಲ ಎಂದೆ. ಅವನು ಏನೂ ಅನ್ನದೆ ಕೈಯ ಗ್ರೀಸು ಒರೆಸಿಕೊಳ್ಳುತ್ತ ಹೊರಗೆ ಹೋದ. ಅಷ್ಟು ಸಿಟ್ಟು ಯಾಕೆ ಬಂತು ಎಂದು ರಾತ್ರಿ ಮಲಗಿದಾಗ ಕೇಳಿಕೊಂಡೆ. ಬೆನ್ನು ಮುರಿದದ್ದು ಅವನಲ್ಲವಲ್ಲ.

ಮರುದಿನ ಮಗ ನಮ್ಮ ಹಳೆಯ ಮೆಕ್ಯಾನಿಕ್ ಕಾಕಾನನ್ನು ಕರೆತಂದ. ಕಾಕಾ ಕಾರಿನ ಹಿಂಭಾಗವನ್ನು ಎರಡೂ ಕೈಯಿಂದ ಒತ್ತಿ ಬಿಟ್ಟ. ಅದು ಒಮ್ಮೆ ಎದ್ದು ನಿಲ್ಲುವ ಬದಲು ಮೂರು ನಾಲ್ಕು ಸಲ ಕುಣಿಯಿತು. "ಶಾಕ್ ಅಬ್ಸಾರ್ಬರ್ ಸತ್ತು ಹೋಗ್ಯಾವ್ರಿ ಅಕ್ಕಾರ. ಚೀಲದಾಗ ಮೂವತ್ತು ಪೌಂಡು ಗಾಳಿ ಹಾಕೀರಿ, ಅದು ಐದು ಮಂದಿ, ಎರಡು ಚೀಲ ಜೋಳ ಹಾಕಿದಾಗ ಬೇಕಾಗೂದು" ಎಂದ. ಆಗ ಗುಟ್ಟು ಬಿಚ್ಚಿತು. ಬಸ್ಸಿನ ಚೀಲ ತಾನೇ ಸ್ಪ್ರಿಂಗು, ನಮ್ಮದು ಸ್ಪ್ರಿಂಗಿಗೆ ಹೆಗಲು ಕೊಡುವ ಆಳು ಮಾತ್ರ. ಭಾರ ಇದ್ದಾಗ ಕಾರು ಕುಸಿಯದ ಹಾಗೆ ತಡೆಯುತ್ತದೆ, ಭಾರ ಇಲ್ಲದಾಗ ತುಂಬಿದರೆ ಕಲ್ಲಾಗುತ್ತದೆ. ಐದಕ್ಕಿಂತ ಇಳಿಸಬಾರದು, ಮೂವತ್ತೈದು ದಾಟಬಾರದು ಎಂದು ಅದರ ಚೀಟಿಯಲ್ಲೇ ಇತ್ತು. ನಮ್ಮಿಬ್ಬರ ಭಾರಕ್ಕೆ ಏಳೆಂಟು ಸಾಕಾಯಿತು.

ಶಾಕ್ ಅಬ್ಸಾರ್ಬರ್ ಹೊಸವು ಬಂದವು. ಟೈರಿನ ಗಾಳಿಯನ್ನೂ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಷ್ಟೇ ಮಾಡಿದೆವು. ಹಿಂದಿನ ಸೀಟು ಹಿಂದಿನ ಗಾಲಿಯ ನೆತ್ತಿಯ ಮೇಲೆಯೇ ಇರುವುದರಿಂದ ಪೆಟ್ಟೆಲ್ಲ ಅಲ್ಲಿಗೇ ಬರುತ್ತದೆ, ಮುಂದಿನ ಸೀಟು ಎರಡು ಗಾಲಿಗಳ ನಡುವೆ ಇದೆ ಎಂದು ಕಾಕಾ ಹೇಳಿದ. ಅವ್ವನನ್ನು ನನ್ನ ಪಕ್ಕಕ್ಕೆ ಕೂಡಿಸಿದೆ. ಕೂಡುವ ಮೊದಲು ಅವಳು ಒಳಗಿನಿಂದ ಒಂದು ಹಳೆಯ ಕೌದಿ ತರಿಸಿ ಸೀಟಿನ ಮೇಲೆ ಮಡಚಿ ಹಾಕಿಸಿದಳು. "ನಿಮ್ಮಪ್ಪ ಹಿಂಗ ಚಕ್ಕಡ್ಯಾಗ ಕಣಿಕಿ ಹಾಸಿ, ಮ್ಯಾಲ ಕೌದಿ ಹಾಕಿ ನನ್ನ ಹೆರಿಗಿಗೆ ಕರಕೊಂಡು ಹೋಗಿದ್ರು. ಕಬ್ಬಿಣದ ಹಳಿ ಗಾಲಿ. ಆದ್ರೂ ನಂಗೇನೂ ಆಗಲಿಲ್ಲ. ಎತ್ತಿನ ಹಗ್ಗ ಹಿಡದು ನಡಕೋತ ಬಂದ್ರು" ಎಂದಳು. ಮಗ ನನ್ನ ಮುಖ ನೋಡಿದ. ನಾನು ಅವನ ತಲೆ ಸವರಿದೆ. ಕ್ಷಮೆ ಕೇಳಲು ತಾಯಂದಿರಿಗೆ ಅಷ್ಟೇ ಬರುತ್ತದೆ.

ಅಂದಿನಿಂದ ಅವ್ವನ ಸವಾರಿ ಮತ್ತೆ ಸುರುವಾಯಿತು. ಪ್ರತಿ ರವಿವಾರ ಚೀಲದ ಗಾಳಿ ನೋಡುವುದು ನನ್ನ ಕೆಲಸ. ಒಮ್ಮೆ ಮುಂಜಾನೆ ನೋಡಿದರೆ ಕಾರು ಎಡಕ್ಕೆ ವಾಲಿ ನಿಂತಿತ್ತು, ಎಡ ಚೀಲದ ಕೊಳವೆ ಸೋರಿತ್ತು. ಕ್ಯಾಡಿಲಾಕ್ ಕಾರಿನ ಮಾಲೀಕರು ಆಗ ನೆನಪಾದರು. ದಿನಾ ಓಡುವ ಕಾರಿಗೆ ಇಂಥದನ್ನು ಹಾಕಿಸುವವರು ಸೋರಿಕೆಯ ಮೇಲೆ ಒಂದು ಕಣ್ಣಿಡಲೇಬೇಕು. ಇನ್ನೊಂದು, ಈ ಚೀಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಹೊಸ ಶಾಕ್ ಅಬ್ಸಾರ್ಬರ್, ಮುಂದಿನ ಸೀಟು ಮತ್ತು ಉಬ್ಬು ಬಂದಾಗ ಇಪ್ಪತ್ತರ ಕೆಳಗೆ ಇಳಿಯುವ ನನ್ನ ವೇಗ. ಮಗನಿಗೆ ಇದನ್ನು ಹೇಳಿಲ್ಲ.

ಕಳೆದ ಮಳೆಗಾಲದ ಒಂದು ಸಂಜೆ ಅವ್ವ ಕೆರೆ ನೋಡಬೇಕೆಂದಳು. ಮಮದಾಪುರದ ದೊಡ್ಡ ಕೆರೆ ಕಟ್ಟಿಸಿದವನು ಮುಹಮ್ಮದ್ ಆದಿಲ್‌ಶಾಹ, ಗೋಳಗುಮ್ಮಟದಲ್ಲಿ ಮಲಗಿದ್ದಾನಲ್ಲ, ಅವನೇ. 1633ರಲ್ಲಿ ಆದದ್ದು. ನಾನು ಮಕ್ಕಳಿಗೆ ವರ್ಷವರ್ಷ ಕಲಿಸುವ ಪಾಠ. ಏರಿಯ ಬಳಿ ಕಾರು ನಿಲ್ಲಿಸಿದೆ. ಗಾಳಿ ಬೀಸುತ್ತಿತ್ತು. ಎರಡು ವರ್ಷದಿಂದ ಗಂಟಲಲ್ಲಿ ಕೂತಿದ್ದ ಮಾತು ಹೊರಬಂತು.

"ಅವ್ವಾ, ಅವತ್ತು ರಸ್ತಾ ಕೆಟ್ಟಿದ್ದಕ್ಕಲ್ಲ. ಉಬ್ಬು ನಂಗ ಕಂಡಿತ್ತು. ತಡ ಆಗ್ತದಂತ ಬ್ರೇಕ್ ಒತ್ತಲಿಲ್ಲ."

ಅವ್ವ ನೀರನ್ನೇ ನೋಡುತ್ತಿದ್ದಳು. "ನಂಗ ಗೊತ್ತೈತಿ" ಎಂದಳು. "ಹಿಂದ ಕುಂತವರಿಗೂ ಮುಂದಿನ ರಸ್ತಾ ಕಾಣತೈತಿ."

ಸ್ವಲ್ಪ ಹೊತ್ತಾದ ಮೇಲೆ ಕೌದಿ ಸರಿಮಾಡಿಕೊಂಡು, "ನಡಿ, ಕತ್ತಲಾಗತೈತಿ. ಅವಸರ ಮಾಡಬ್ಯಾಡ" ಎಂದಳು.