ಸೀಟಿ ಊದಿದ ಮೇಲೆ

ನಮ್ಮ ಮನೆಯಲ್ಲಿ ಫುಟ್‌ಬಾಲಿನ ಹುಚ್ಚು ಮೊಮ್ಮಗನೊಬ್ಬನದು. ಅದರಿಂದ ನಿದ್ದೆ ಕೆಡುವುದು ಮಾತ್ರ ಮನೆಮಂದಿಗೆಲ್ಲ. 2022ರ ಡಿಸೆಂಬರ್ 1ರ ರಾತ್ರಿ ಕತಾರಿನಲ್ಲಿ ಜಪಾನಿಗೂ ಸ್ಪೇನಿಗೂ ವಿಶ್ವಕಪ್ಪಿನ ಪಂದ್ಯವಿತ್ತು. ನಮ್ಮ ಗಡಿಯಾರದಲ್ಲಿ ಒಂದೂವರೆ ಗಂಟೆ ದಾಟಿತ್ತು. ಅವನ ಕೂಗಿಗೆ ಎಚ್ಚರಗೊಂಡು ನಾನೂ ಹೋಗಿ ಟೆಲಿವಿಷನ್ನಿನ ಮುಂದೆ ಕುಳಿತೆ.

ಮಿತೊಮ ಎಂಬ ಜಪಾನೀ ಆಟಗಾರ ಓಡಿಬಂದು, ಗೆರೆಯಾಚೆಗೆ ಹೋಗಿಯೇಬಿಟ್ಟಿತೆಂದು ಕಂಡ ಚೆಂಡನ್ನು ಒಳಕ್ಕೆ ತಿರುಗಿಸಿದ್ದ. ತನಾಕ ಅದನ್ನು ಗೋಲಿಗೆ ನೂಕಿದ್ದ. ಮೊದಲು ಗೋಲಲ್ಲವೆಂದರು. ಆಮೇಲೆ ಎಲ್ಲೋ ಕೋಣೆಯೊಂದರಲ್ಲಿ ಕುಳಿತಿದ್ದ ತೀರ್ಪುಗಾರರು ವೀಡಿಯೊ ಚಿತ್ರಗಳನ್ನು ಹಿಂದಕ್ಕೂ ಮುಂದಕ್ಕೂ ಓಡಿಸಿ, ಚೆಂಡಿನ ಉಬ್ಬಿನ ಕೂದಲೆಳೆಯಷ್ಟು ಭಾಗ ಇನ್ನೂ ಗೆರೆಯ ಮೇಲೆಯೇ ಇತ್ತೆಂದು ಕಂಡುಕೊಂಡರು. ಗೋಲು ಸಿಕ್ಕಿತು. ಜಪಾನು 2-1ರಿಂದ ಗೆದ್ದಿತು. ಆ ಗೋಲು ಸಿಕ್ಕದಿದ್ದು ಪಂದ್ಯ ಸಮವಾಗಿದ್ದರೆ ಮುಂದಿನ ಸುತ್ತಿಗೆ ಹೋಗುತ್ತಿದ್ದ ಜರ್ಮನಿ, ಗಂಟುಮೂಟೆ ಕಟ್ಟಿಕೊಂಡು ಮನೆಗೆ ಹೊರಟಿತು.

“ತಾತ, ನಿಮ್ಮ ಕಾಲದಲ್ಲಿ ಹೀಗೆ ಸಂದೇಹ ಬಂದರೆ ಏನು ಮಾಡುತ್ತಿದ್ದಿರಿ?” ಎಂದ ಮೊಮ್ಮಗ.

“ರೆಫರಿ ಹೇಳಿದ್ದೇ ವೇದವಾಕ್ಯ.”

“ಅವರು ತಪ್ಪು ಹೇಳಿದರೆ?”

ನಾನು ಉತ್ತರಿಸಲಿಲ್ಲ. ನಿದ್ದೆ ಬರುತ್ತಿದೆಯೆಂದು ನೆಪ ಹೇಳಿ ಎದ್ದುಬಂದೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ.

ವಾಚಕರೇ, ತಪ್ಪು ಹೇಳಿದ ರೆಫರಿಗಳ ಕಥೆ ಲೋಕಕ್ಕೆಲ್ಲ ತಿಳಿದದ್ದೇ. 1986ರ ಜೂನ್ 22ರಂದು ಮೆಕ್ಸಿಕೊ ನಗರದಲ್ಲಿ ಮರಡೋನ ಇಂಗ್ಲೆಂಡಿನ ವಿರುದ್ಧ ಚೆಂಡನ್ನು ಕೈಯಿಂದ ಗೋಲಿಗೆ ತಳ್ಳಿದ. ಟ್ಯುನೀಸಿಯದ ರೆಫರಿ ಅಲಿ ಬಿನ್ ನಾಸರ್ ಅವರಿಗೆ ಅದು ಕಾಣಲಿಲ್ಲ, ಲೋಕಕ್ಕೆಲ್ಲ ಕಂಡಿತು. 2010ರಲ್ಲಿ ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೇನಿನಲ್ಲಿ ಅದೇ ಇಂಗ್ಲೆಂಡಿನ ಲ್ಯಾಂಪಾರ್ಡ್ ಒದ್ದ ಚೆಂಡು ಅಡ್ಡಪಟ್ಟಿಗೆ ಬಡಿದು ಗೆರೆಯ ಒಳಗೆ ಬಿದ್ದು ಪುಟಿದು ಬಂದರೂ, ಜರ್ಮನಿಯ ಎದುರು ಅದು ಗೋಲೆನಿಸಲಿಲ್ಲ. ಇಂಥ ನೋವುಗಳ ಫಲವಾಗಿಯೇ 2014ರ ವಿಶ್ವಕಪ್ಪಿಗೆ ಗೋಲುಗೆರೆಯನ್ನು ಕಾಯುವ ಯಂತ್ರ ಬಂದಿತು. 2018ರ ವಿಶ್ವಕಪ್ಪಿಗೆ ವಿ.ಎ.ಆರ್. ಎಂಬ ವೀಡಿಯೊ ನೆರವು ಬಂದಿತು. ಗೋಲು, ಪೆನಾಲ್ಟಿ, ನೇರವಾದ ಕೆಂಪು ಚೀಟಿ, ಒಬ್ಬನ ತಪ್ಪಿಗೆ ಇನ್ನೊಬ್ಬನನ್ನು ದಂಡಿಸಿದ ಪ್ರಸಂಗ, ಈ ನಾಲ್ಕರಲ್ಲಿ ಕಣ್ಣಿಗೆ ಹೊಡೆಯುವಂಥ ತಪ್ಪಾದರೆ ತಿದ್ದುವುದು ಅದರ ಕೆಲಸವೆಂದು ಗೊತ್ತುಮಾಡಿದರು.

ಇಷ್ಟರಿಂದ ಜಗಳ ನಿಂತಿತೆ? ಅದೇ 2018ರ ಅಂತಿಮ ಪಂದ್ಯದಲ್ಲಿ ಚೆಂಡು ಕ್ರೊಯೇಷಿಯದ ಪೆರಿಸಿಚ್ ಅವರ ಕೈಗೆ ತಗುಲಿತು. ರೆಫರಿ ಪಿಟಾನ ಮೈದಾನದಂಚಿನ ತೆರೆಯ ಬಳಿಗೆ ಹೋಗಿ ನೋಡಿದರು. ಹಿಂದಿರುಗಲು ಹೊರಟವರು ಮತ್ತೆ ತಿರುಗಿ ನೋಡಿದರು. ಆಮೇಲೆ ಫ್ರಾನ್ಸಿಗೆ ಪೆನಾಲ್ಟಿ ಕೊಟ್ಟರು. ಕೈಗೆ ತಗುಲಿದ್ದನ್ನು ಯಂತ್ರ ತೋರಿಸಿತು; ಅದು ಅಪರಾಧವೇ ಅಲ್ಲವೇ ಎಂಬುದನ್ನು ತೋರಿಸಲಿಲ್ಲ. 2023ರ ಮಾರ್ಚ್ 3ರಂದು ನಮ್ಮ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ, ಕೇರಳದ ತಂಡದವರು ಇನ್ನೂ ಅಡ್ಡಗೋಡೆ ಕಟ್ಟಿಕೊಳ್ಳುತ್ತಿದ್ದಾಗಲೇ ಸುನಿಲ್ ಛೆಟ್ರಿ ಚೆಂಡನ್ನು ಗೋಲಿಗೆ ಒದ್ದರು. ಎದುರಾಳಿಗಳು ಮೈದಾನವನ್ನೇ ಬಿಟ್ಟು ನಡೆದರು. ಅಲ್ಲಿ ನಡೆದದ್ದು ಎಲ್ಲರ ಕಣ್ಣಿಗೂ ಬಿದ್ದಿತ್ತು. ವಿವಾದವಿದ್ದುದು ಅದು ನ್ಯಾಯವೇ ಎಂಬುದರಲ್ಲಿ.

ಇದನ್ನೆಲ್ಲ ಇಷ್ಟು ಗಟ್ಟಿಯಾಗಿ ಹೇಳಬಲ್ಲೆನಾದರೆ, ಅದಕ್ಕೆ ಕಾರಣವಿದೆ. ನಾನೂ ಒಂದು ದಿನ ಸೀಟಿ ಹಿಡಿದವನು.

ನಲವತ್ತು ವರ್ಷಗಳಿಗೂ ಹಿಂದಿನ ಮಾತು. ನಾನು ಹೈಸ್ಕೂಲಿನಲ್ಲಿ ಉಪಾಧ್ಯಾಯನಾಗಿದ್ದೆ. ಡ್ರಿಲ್ ಮಾಸ್ತರರು ಜ್ವರದಿಂದ ಮಲಗಿದ್ದರು. ಪಕ್ಕದೂರಿನ ಶಾಲೆಯೊಡನೆ ಷೀಲ್ಡಿನ ಪಂದ್ಯ. ನಿಯಮಗಳನ್ನು ಓದಿಕೊಂಡವನೆಂಬ ಒಂದೇ ಅರ್ಹತೆಯ ಮೇಲೆ ಮುಖ್ಯೋಪಾಧ್ಯಾಯರು ಸೀಟಿಯನ್ನು ನನ್ನ ಕೈಗಿತ್ತರು. ಮಳೆ ಹನಿಯುತ್ತಿತ್ತು, ಕನ್ನಡಕ ಮಂಜಾಗಿತ್ತು. ಆಟ ಮುಗಿಯಲು ಸ್ವಲ್ಪವೇ ಹೊತ್ತಿದ್ದಾಗ ನಮ್ಮ ಹುಡುಗನೊಬ್ಬ ಒದ್ದ ಚೆಂಡು ಅಡ್ಡಪಟ್ಟಿಗೆ ಬಡಿದು ಕೆಳಗೆ ಬಿದ್ದಿತು. ನಾನು ಬಹು ದೂರದಲ್ಲಿದ್ದೆ. ಗೋಲೆಂದು ಸೀಟಿ ಊದಿದೆ.

ಎದುರು ತಂಡದ ಗೋಲಿ ಹದಿನಾಲ್ಕು ವರ್ಷದ ಬಡಕಲು ಹುಡುಗ. ಅವನು ಕೂಗಾಡಲಿಲ್ಲ. ನನ್ನ ಬಳಿಗೆ ಓಡಿಬಂದು, “ಸಾರ್, ಒಂದು ಸಲ ಬಂದು ನೋಡಿ ಸಾರ್,” ಎಂದ. ಹೋದೆ. ಕೆಸರಿನಲ್ಲಿ ಚೆಂಡು ಬಿದ್ದ ಗುಂಡನೆಯ ಗುರುತು ಅಚ್ಚೊತ್ತಿದಂತಿತ್ತು. ಅದು ಗೆರೆಯಿಂದ ಒಂದು ಗೇಣು ಈಚೆಗಿತ್ತು.

ಆಟ ಇನ್ನೂ ಮುಂದುವರಿದಿರಲಿಲ್ಲ. ಹಾಗಿರುವಾಗ ರೆಫರಿ ತನ್ನ ತೀರ್ಪನ್ನು ಬದಲಿಸಬಹುದೆಂದು ನಿಯಮವೇ ಹೇಳುತ್ತದೆ. ಅದು ನನಗೆ ತಿಳಿದೂ ಇತ್ತು. ಆದರೆ ಸುತ್ತಲೂ ನಮ್ಮ ಶಾಲೆಯ ಮಕ್ಕಳು ಕುಣಿಯುತ್ತಿದ್ದರು. ಮುಖ್ಯೋಪಾಧ್ಯಾಯರು ಕೊಡೆಯನ್ನೂ ಮರೆತು ಚಪ್ಪಾಳೆ ತಟ್ಟುತ್ತಿದ್ದರು. ನಾನು, “ಸೀಟಿ ಊದಿಯಾಯಿತು, ಹೋಗಪ್ಪ,” ಎಂದೆ. ಹುಡುಗ ಒಮ್ಮೆ ನನ್ನ ಮುಖವನ್ನೂ ಒಮ್ಮೆ ಆ ಗುರುತನ್ನೂ ನೋಡಿ ತಲೆತಗ್ಗಿಸಿ ಹೋದ. ಷೀಲ್ಡು ನಮ್ಮ ಶಾಲೆಯ ಗೋಡೆಗೇರಿತು.

ದೂರದಿಂದ ಸೀಟಿ ಊದಿದ್ದು ಕಣ್ಣಿನ ತಪ್ಪು, ಅದಕ್ಕೆ ಕ್ಷಮೆಯುಂಟು. ಗುರುತನ್ನು ಕಂಡಮೇಲೂ ಸುಮ್ಮನಾದದ್ದು ಕಣ್ಣಿನ ತಪ್ಪಲ್ಲ. ಕ್ಯಾಮೆರ ಮಾಡುವ ಕೆಲಸವನ್ನು ಅಂದು ಮಳೆಯೇ ಮಾಡಿಕೊಟ್ಟಿತ್ತು. ನನ್ನಲ್ಲಿ ಇಲ್ಲದಿದ್ದುದು, ‘ನಾನು ತಪ್ಪಿದೆ’ ಎನ್ನುವ ಧೈರ್ಯ. ಇಂದಿನ ರೆಫರಿ ಸಾವಿರಾರು ಜನರೆದುರು ತೆರೆಯ ಬಳಿಗೆ ನಡೆದುಹೋಗಿ, ತನ್ನ ಮಾತನ್ನು ತಾನೇ ಹಿಂದಕ್ಕೆ ತೆಗೆದುಕೊಳ್ಳುವುದನ್ನು ಕಂಡಾಗ, ಆಟದ ಓಟ ಕೆಟ್ಟಿತೆಂದು ಜನ ಗೊಣಗುತ್ತಾರೆ. ನಾನು ಮನಸ್ಸಿನಲ್ಲೇ ಅವರಿಗೆ ಕೈಮುಗಿಯುತ್ತೇನೆ.

2015ರಲ್ಲಿ ಮರಡೋನ ಟ್ಯುನೀಸಿಯಕ್ಕೆ ಹೋದಾಗ ಬಿನ್ ನಾಸರ್ ಅವರನ್ನು ಅವರ ಮನೆಯಲ್ಲಿ ಕಂಡು, ತನ್ನ ಸಹಿಯಿದ್ದ ಅಂಗಿಯನ್ನು ಉಡುಗೊರೆಯಾಗಿ ಕೊಟ್ಟರಂತೆ. ಅವರಿಗೆ ಒಬ್ಬರಿಗೊಬ್ಬರ ಮನೆ ಗೊತ್ತಿತ್ತು. ನನಗೆ ಆ ಹುಡುಗನ ಹೆಸರೂ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಕಾಫಿಯ ಹೊತ್ತಿನಲ್ಲಿ ಮೊಮ್ಮಗನಿಗೆ ಎಲ್ಲವನ್ನೂ ಹೇಳಿದೆ. ಅವನು ನಗುವನೆಂದುಕೊಂಡಿದ್ದೆ, ನಗಲಿಲ್ಲ. “ಆ ಹುಡುಗ ಈಗ ಎಲ್ಲಿರಬಹುದು ತಾತ?” ಎಂದ.

ಎಲ್ಲಿದ್ದಾನೋ ಕಾಣೆ. ಅವನಿಗೂ ಐವತ್ತು ದಾಟಿರಬೇಕು. ಮನೆಮಂದಿಯೆಲ್ಲ ಓದುವ ಈ ಪತ್ರಿಕೆ ಅವನ ಮನೆಗೂ ಬರುತ್ತಿದ್ದರೆ, ಅವನಿಗೆ ನಾನು ತಿಳಿಸಬೇಕಾದ ಮಾತು ಇಷ್ಟೆ: ಚೆಂಡು ಗೆರೆ ದಾಟಿರಲಿಲ್ಲ, ಮಗು. ನಾನು ನೋಡಿದ್ದೆ.