ಅಂಕ ಹಾಕುವ ಮೊದಲು ಮನೆಯವರನ್ನು ಕೇಳಿ

ಮಕ್ಕಳ ಬುದ್ಧಿಮಟ್ಟ ಅಳೆಯುವುದು ನನ್ನ ವೃತ್ತಿ. ಆ ವೃತ್ತಿಯಲ್ಲೇ ನಾನು ಒಬ್ಬ ಹುಡುಗನಿಗೆ ಅನ್ಯಾಯ ಮಾಡಿದೆ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ವಿಜಯಪುರ ಜಿಲ್ಲೆಯ ಒಂದು ತಪಾಸಣೆ ಶಿಬಿರ. ಹೊರಗೆ ಪಾಲಕರ ಸಾಲು ಬೆಳೆಯುತ್ತಿತ್ತು. ಲಂಬಾಣಿ ತಾಂಡಾದ, ನಾಲ್ಕನೇ ತರಗತಿಯ ಹುಡುಗ ನನ್ನೆದುರು ಕುಳಿತ. ಶಾಲೆಯ ಚೀಟಿಯಲ್ಲಿ ‘ಓದು ಬಾರದು, ಲೆಕ್ಕ ಬಾರದು’ ಎಂದಿತ್ತು. ನಾನು ಬಳಸಿದ್ದು ಬಿನೆ-ಕಾಮತ್ ಪರೀಕ್ಷೆ. 1930ರ ದಶಕದಲ್ಲಿ ವಿ. ವಿ. ಕಾಮತ್ ಅವರು ಕನ್ನಡ, ಮರಾಠಿ ಆಡುವ ಮಕ್ಕಳಿಗೆಂದು ಹೊಂದಿಸಿದ್ದು. ಹುಡುಗನ ಮನೆಮಾತು ಅವೆರಡೂ ಅಲ್ಲವೆಂದು ಗೊತ್ತಿದ್ದೂ ಕನ್ನಡದಲ್ಲೇ ಕೇಳಿದೆ. ಅವನು ಸುಮ್ಮನಿದ್ದಲ್ಲೆಲ್ಲ ಸೊನ್ನೆ ಹಾಕಿದೆ. ಬುದ್ಧಿಸೂಚ್ಯಂಕ 70ಕ್ಕಿಂತ ಕೆಳಗೆ ಬಂತು. ವಿಶೇಷ ಶಾಲೆಗೆ ಶಿಫಾರಸು ಬರೆದು ಮುಂದಿನ ಮಗುವನ್ನು ಕರೆದೆ.

ಕೆಲ ದಿನಗಳ ಮೇಲೆ ಅವನ ಅಜ್ಜಿ ವರದಿ ಹಿಡಿದು ಬಂದರು. “ಯವ್ವಾ, ವರ್ಷದಾಗ ಅರ್ಧ ಇವ ಅವ್ವ-ಅಪ್ಪನ ಸಂಗಾಟ ಮಹಾರಾಷ್ಟ್ರದಾಗ ಕಬ್ಬು ಕಡಿಯೋ ಹೊಲದಾಗ ಇರ್ತಾನ. ಅಕ್ಷರ ಎಲ್ಲಿಂದ ಬರಬೇಕು? ಆದ್ರ ಗಾಡಿಗೆ ಏರಿಸಿದ ಕಬ್ಬಿನ ಲೆಕ್ಕ ಇವನ ಇಡತಾನ” ಎಂದರು.

ಲಂಬಾಣಿ ಬಲ್ಲ ಶಿಕ್ಷಕಿಯೊಬ್ಬರನ್ನು ಜೊತೆಗೆ ಕೂರಿಸಿಕೊಂಡು, ಮಾತು ಹೆಚ್ಚು ಬೇಡದ ಪರೀಕ್ಷೆಗಳನ್ನು ಆರಿಸಿ ಮತ್ತೆ ನೋಡಿದೆ. ಹುಡುಗನ ಬುದ್ಧಿ ವಯಸ್ಸಿಗೆ ತಕ್ಕಂತೆಯೇ ಇತ್ತು. ಶಿಫಾರಸನ್ನು ಹಿಂಪಡೆದೆ. ಆದರೆ ಅಷ್ಟರಲ್ಲಿ ತರಗತಿಯಲ್ಲಿ ಅವನಿಗೆ ‘ಮಂದಬುದ್ಧಿ’ ಎಂಬ ಹೆಸರು ಬಿದ್ದಿತ್ತು. ಅದನ್ನು ಅಳಿಸಲು ನನ್ನಿಂದಾಗಲಿಲ್ಲ.

ಬುದ್ಧಿಶಕ್ತಿಯ ಮಿತಿಯೊಂದೇ ಬೌದ್ಧಿಕ ಅಂಗವೈಕಲ್ಯಕ್ಕೆ ಸಾಕೆಂದು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಹೇಳುವುದಿಲ್ಲ. ದಿನನಿತ್ಯದ ಬದುಕಿಗೆ ಹೊಂದಿಕೊಳ್ಳುವ ನಡವಳಿಕೆಯಲ್ಲೂ ಗಣನೀಯ ಮಿತಿ ಇರಬೇಕು. ಅದನ್ನು ತಿಳಿಯಲು ಮನೆಯವರನ್ನು ವಿಚಾರಿಸಬೇಕು, ನಾನು ವಿಚಾರಿಸಿರಲಿಲ್ಲ. ಕಲಿಕಾ ನ್ಯೂನತೆ ಎಂದು ಬರೆಯುವ ಮೊದಲೂ ಮಗುವಿಗೆ ಕಣ್ಣು ಕಾಣುತ್ತದೆಯೇ, ಕಿವಿ ಕೇಳುತ್ತದೆಯೇ, ಪಾಠದ ಭಾಷೆ ತಿಳಿಯುತ್ತದೆಯೇ, ಶಾಲೆಯಲ್ಲಿ ಎಷ್ಟು ದಿನ ಕುಳಿತಿದೆ ಎಂಬುದನ್ನೆಲ್ಲ ನೋಡಲೇಬೇಕು.

ವಿಶೇಷ ಶಿಕ್ಷಣ ನಿಜವಾಗಿ ಬೇಕಾದ ಮಕ್ಕಳಿದ್ದಾರೆ. ಅವರಿಗೆ ಅದು ಬೇಗ ಸಿಗಬೇಕು. ಕಲಿಯುವ ಅವಕಾಶವೇ ಸಿಗದ ಮಗುವಿಗೆ ಬೇಕಾದದ್ದು ಶಾಲೆ, ಹಣೆಪಟ್ಟಿಯಲ್ಲ. ಪಾಲಕರೇ, ವರದಿ ನಿಮ್ಮ ಮಗುವಿನಂತೆ ಕಾಣದಿದ್ದರೆ ಮರುಪರೀಕ್ಷೆ ಕೇಳಲು ಹಿಂಜರಿಯಬೇಡಿ.